ಬೆನ್ನ ಹಿಂದೆ ಕೈಕಟ್ಟುವ ಏಜಾಜ್ ಸಾಹೇಬರು

ಕೆಟ್ಟು ನಿಂತ ಯಂತ್ರದ ಮುಂದೆ ಬಂದ ಕೂಡಲೇ ಏಜಾಜ್ ಸಾಹೇಬರು ಮಾಡುವ ಮೊದಲ ಕೆಲಸವೆಂದರೆ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಕರೆಸಿದವರಿಗೆ ಜೀವ ಬಾಯಿಗೆ ಬಂದಿರುತ್ತದೆ. ಬಂದವನು ಸ್ಕ್ರೂಡ್ರೈವರ್ ತೆಗೆಯಬೇಕು, ಮುಚ್ಚಳ ಬಿಚ್ಚಬೇಕು, ಕೀಬೋರ್ಡಿನ ಮೇಲೆ ಪಟಪಟನೆ ಬೆರಳಾಡಿಸಬೇಕು, ಆಗ ಅವರಿಗೆ ಸಮಾಧಾನ. ಇವರೋ, ವಸ್ತುಪ್ರದರ್ಶನ ನೋಡಲು ಬಂದ ನಿವೃತ್ತ ಮೇಷ್ಟರ ಹಾಗೆ, ಯಂತ್ರದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತಾರೆ, ಅದರ ಫ್ಯಾನಿನ ಸದ್ದಿಗೆ ಕಿವಿಗೊಡುತ್ತಾರೆ, ಮಿನುಗುವ ದೀಪಗಳ ಬಣ್ಣವನ್ನು ಮನಸ್ಸಿನಲ್ಲೇ ಎಣಿಸುತ್ತಾರೆ. ಅರ್ಧ ಗಂಟೆ ಅವರ ಕೈ ಮುಂದಕ್ಕೆ ಬರುವುದಿಲ್ಲ. ಆತುರಗಾರರ ಕೈ ಯಂತ್ರಕ್ಕಿಂತ ಮೊದಲು ಸಾಕ್ಷ್ಯವನ್ನು ಕೆಡಿಸುತ್ತದೆ ಎಂಬುದು ಅವರ ನಂಬಿಕೆ, ಮತ್ತು ನಂಬಿಕೆಯ ವಿಷಯದಲ್ಲಿ ಅವರು ಪರಮ ಹಟಮಾರಿ.

ಮುಳಬಾಗಿಲಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರ ಮಗ. ವಯಸ್ಸು ಐವತ್ತೆಂಟು. ಕೋಲಾರ, ಮಾಲೂರು, ಶ್ರೀನಿವಾಸಪುರಗಳ ಆಸ್ಪತ್ರೆ, ಕಾಲೇಜು, ಮಂಡಿಗಳಲ್ಲಿ ಎಲ್ಲಿ ಸರ್ವರ್ ಏಳದೆ ಮಲಗಿದರೂ ಇವರಿಗೆ ಫೋನು ಬರುತ್ತದೆ. ಸರ್ವರ್ ಎಂದರೆ ಒಂದು ಕಚೇರಿಯ ಕಂಪ್ಯೂಟರುಗಳಿಗೆಲ್ಲ ಯಜಮಾನನಿದ್ದಂತೆ. ಕಡತಗಳನ್ನೆಲ್ಲ ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಕೆಲಸಕ್ಕೆ ಬಂದವರ ಹೆಸರು ಕೇಳಿ ಒಳಗೆ ಬಿಡುವುದೂ ಅದೇ. ಅದು ಮುನಿಸಿಕೊಂಡರೆ ಇಡೀ ಕಚೇರಿ ಬಾಗಿಲ ಹೊರಗೆ. ಅಂಥ ಮುನಿಸನ್ನು ತೀರಿಸಲು ಸಾಹೇಬರು ಹಳೆಯ ಸ್ಕೂಟರಿನಲ್ಲಿ ಮೂವತ್ತರ ವೇಗ ಮೀರದೆ ಬರುತ್ತಾರೆ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ನೆಲವನ್ನು ಅಳೆಯುವವರಂತೆ ಒಳಗೆ ನಡೆಯುತ್ತಾರೆ. ಏಪ್ರಿಲ್ ತಿಂಗಳ ಕೆಂಡದಂಥ ಬಿಸಿಲಲ್ಲೂ ಮೈಮೇಲೆ ಕಂದು ಬಣ್ಣದ ಉಣ್ಣೆಯ ಕೋಟು. ಸರ್ವರ್ ಕೋಣೆಗಳು ಏಸಿಯಿಂದ ತಣ್ಣಗಿರುತ್ತವೆ ಎಂಬುದು ನೆಪ. ಏಳು ಜೇಬುಗಳಿರುವ ಬೇರೆ ಕೋಟು ಸಿಕ್ಕಿಲ್ಲ ಎಂಬುದು ನಿಜ. ಒಂದರಲ್ಲಿ ಟಾರ್ಚು, ಒಂದರಲ್ಲಿ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ಸುರುಳಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಅದರ ಮೇಲೆ ಬರೆದು ಅಂಟಿಸದೆ ಅವರು ಯಾವ ಕೋಣೆಯಿಂದಲೂ ಹೊರಗೆ ಬಂದವರಲ್ಲ.

ಕೈ ಕಟ್ಟಿಕೊಂಡ ಮೇಲೆ ಬಾಯಿ ತೆರೆಯುತ್ತದೆ. ಆ ಬಾಯಿಯಲ್ಲಿ ಇರುವುದು ಒಂದೇ ಪ್ರಶ್ನೆ: "ಅದಕ್ಕೂ ಮುಂಚೆ?" ಯಂತ್ರ ಕೆಟ್ಟಿತು ಎಂದರೆ, ಅದಕ್ಕೂ ಮುಂಚೆ? ಕರೆಂಟು ಹೋಗಿತ್ತು ಎಂದರೆ, ಅದಕ್ಕೂ ಮುಂಚೆ? ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಸುತ್ತ, ಯಂತ್ರ ನೆಟ್ಟಗಿದ್ದ ಕೊನೆಯ ಗಳಿಗೆಯವರೆಗೂ ಕರೆದೊಯ್ದು, ಎಲ್ಲವನ್ನೂ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾರೆ. ಮನೆಯಲ್ಲೂ ಈ ಚಾಳಿ ಬಿಟ್ಟಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಅವರು ಇದೇ ಪ್ರಶ್ನೆಯನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರಂತೆ. ಪತ್ನಿ ತಾಜುನ್ನೀಸಾ, ಮೂವತ್ತು ವರ್ಷ ಇದನ್ನು ಸಹಿಸಿದ ಹೆಣ್ಣುಮಗಳು, ಅದಕ್ಕೂ ಮುಂಚೆ ನಿಮ್ಮನ್ನು ಮದುವೆಯಾಗಿದ್ದೆ ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದರಂತೆ.

ಶ್ರೀನಿವಾಸಪುರದ ಒಂದು ಮಾವಿನ ಮಂಡಿಯವರು ಒಮ್ಮೆ ಇವರನ್ನು ಕರೆಸಿದ್ದರು. ಸುಗ್ಗಿಯಲ್ಲಿ ನೆಟ್‌ವರ್ಕ್ ದಿನಕ್ಕೆ ಇಪ್ಪತ್ತು ಸಲ ಹೋಗುತ್ತಿತ್ತು, ಬರುತ್ತಿತ್ತು. ಮೂರು ಜನ ಬಂದು ಮೂರು ಹೊಸ ಪೆಟ್ಟಿಗೆಗಳನ್ನು ಕೂರಿಸಿ ಹೋಗಿದ್ದರು. ಸಾಹೇಬರು ಒಳಗೇ ಹೋಗಲಿಲ್ಲ. ಗೇಟಿನ ಬಳಿ ಸ್ಟೂಲು ಹಾಕಿಸಿಕೊಂಡು ಎರಡು ದಿನ ಕೂತರು. ಹಮಾಲಿಗಳು ನಕ್ಕರು, ಈ ಕೋಟಿನ ಯಪ್ಪ ಮಾವು ಕೊಳ್ಳಲು ಬಂದಿರಬೇಕೆಂದು ಯಾರೋ ಒಂದು ಬುಟ್ಟಿ ತೋತಾಪುರಿ ತಂದು ಬೆಲೆಯನ್ನೂ ಹೇಳಿದರು. ಎರಡನೆಯ ದಿನದ ಸಂಜೆಗೆ ಹಾಳೆಯ ಮೇಲೆ ಉತ್ತರ ಬಂದಿತ್ತು: ತುಂಬಿದ ಲಾರಿ ತೂಕದ ಕಟ್ಟೆಯ ಮೇಲೆ ನಿಂತಾಗ ನೆಟ್‌ವರ್ಕ್ ಹೋಗುತ್ತದೆ, ಖಾಲಿ ಲಾರಿ ನಿಂತಾಗ ಹೋಗುವುದಿಲ್ಲ. ಕಟ್ಟೆಯ ಅಡಿಯಲ್ಲಿ ಹಾದುಹೋದ ತಂತಿಯ ಬೆಸುಗೆಯೊಂದು ಭಾರಕ್ಕೆ ಬಾಯಿ ಬಿಡುತ್ತಿತ್ತು. ತಂತಿಯನ್ನು ಗೋಡೆಯ ಮೇಲಿಂದ ತಂದರು, ಪ್ಲಾಸ್ಟರ್ ಅಂಟಿಸಿದರು, ಸ್ಕೂಟರ್ ಹತ್ತಿದರು.

ಆದರೆ ಅವರ ಮನುಷ್ಯತ್ವದ ಅಳತೆ ಸಿಕ್ಕಿದ್ದು ಮುಳಬಾಗಿಲಿನ ಒಂದು ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ, ಹೋದ ವರ್ಷ ವಿಜಯದಶಮಿಯ ಮಾರನೆಯ ದಿನ. ಅಂದು ನಲವತ್ತೆರಡು ಜನರಿಗೆ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ. ದೇವರಾಯಸಮುದ್ರ, ತಾಯಲೂರು, ರಾಯಲ್ಪಾಡುಗಳಿಂದ ಮುದುಕರು ಮುದುಕಿಯರು ವ್ಯಾನುಗಳಲ್ಲಿ ಬಂದು ಹಜಾರದ ತುಂಬ ಕೂತಿದ್ದರು. ಶಸ್ತ್ರವೈದ್ಯರು ಕೋಲಾರದಿಂದ ಹನ್ನೊಂದಕ್ಕೆ ಬಂದು ಸಂಜೆ ಹಿಂದಿರುಗುವವರು. ತಪ್ಪಿದರೆ ಅವರ ಮುಂದಿನ ಸರದಿ ಸಂಕ್ರಾಂತಿಯ ಮೇಲೆ. ಒಬ್ಬೊಬ್ಬರ ಕಣ್ಣಿಗೂ ಕೂರಿಸಬೇಕಾದ ಲೆನ್ಸಿನ ಅಳತೆಯನ್ನು ಹಿಂದಿನ ಹತ್ತು ದಿನ ತೆಗೆದು ತೆಗೆದು ಸರ್ವರಿನಲ್ಲಿ ತುಂಬಿದ್ದರು. ಆಡಳಿತಾಧಿಕಾರಿ ಚಂದ್ರಮೋಹನ್ ಆ ವರ್ಷವಷ್ಟೇ ಕಾಗದದ ಬಳಕೆಯನ್ನು ಹೆಮ್ಮೆಯಿಂದ ನಿಲ್ಲಿಸಿದ್ದರು. ಎರಡು ದಿನದ ರಜೆ ಮುಗಿಸಿ ಬಂದು, ಕಳಚಿಬಿದ್ದಿದ್ದ ಪ್ಲಗ್ ಸಿಕ್ಕಿಸಿ ಅವರು ಗುಂಡಿ ಒತ್ತಿದರೆ ಸರ್ವರ್ ಏಳಲೊಲ್ಲದು. ತನ್ನೊಳಗೆ ಡಿಸ್ಕುಗಳಿವೆ, ಆದರೆ ಅವುಗಳಲ್ಲಿ ಏನೂ ಓದಲಾಗುತ್ತಿಲ್ಲ, ಹೊಸದಾಗಿ ಸಿದ್ಧಪಡಿಸಲೇ ಎಂದು ಕಪ್ಪು ಪರದೆಯ ಮೇಲೆ ಕೇಳುತ್ತಿತ್ತು.

ಯಂತ್ರ ಮಾರಿದ ಕಂಪನಿಯ ತರುಣ ಫೋನಿನಲ್ಲಿ ಹೌದು ಎಂದು ಒತ್ತಿಬಿಡಿ ಎಂದ. ಒತ್ತಿದರೆ ಯಂತ್ರ ಹತ್ತು ನಿಮಿಷದಲ್ಲಿ ಏಳುತ್ತದೆ, ಹಳೆಯದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ಪಿನಿಂದ ತುಂಬಿಕೊಳ್ಳಿ ಎಂಬುದು ಅವನ ಸಲಹೆ. ಬ್ಯಾಕಪ್ ಇತ್ತು. ಪ್ರತಿ ತಿಂಗಳ ಮೊದಲ ವಾರ ಸಾಹೇಬರೇ ತೆಗೆಯುತ್ತಿದ್ದ ಪ್ರತಿ ಅದು, ಮತ್ತು ಅಳತೆಗಳೆಲ್ಲ ಬಿದ್ದದ್ದು ಅದರ ನಂತರ. ಚಂದ್ರಮೋಹನರ ಬೆರಳು ಗುಂಡಿಯ ಮೇಲೆ ಇಳಿಯುತ್ತಿದ್ದಾಗ ಕೋಟು ಬಾಗಿಲಲ್ಲಿ ಕಾಣಿಸಿತು. ಕೈ ತೆಗೀರಿ ಸಾರ್ ಎಂದರು ಸಾಹೇಬರು. ದನಿ ಎತ್ತಿರಲಿಲ್ಲ, ಆದರೂ ಬೆರಳು ಹಿಂದೆ ಬಂತು.

ಹಜಾರ ದಾಟುವಾಗ ರಾಯಲ್ಪಾಡಿನ ಕದಿರಪ್ಪನೆಂಬ ಎಂಬತ್ತರ ಮುದುಕ, ಎರಡು ಕಣ್ಣಿಗೂ ಪೊರೆ ಬಂದವನು, ಹೆಜ್ಜೆಯ ಸದ್ದು ಕೇಳಿಯೇ ಕೋಟಿನ ಚುಂಗನ್ನು ಹಿಡಿದು ನಿಲ್ಲಿಸಿದ್ದ. "ಏಮಪ್ಪಾ, ಇವತ್ತು ಆಗ್ತದಾ ಇಲ್ವಾ? ಇಲ್ಲಾಂದ್ರೆ ಈಗ್ಲೇ ಹೇಳ್ಬಿಡು. ಸಂಕ್ರಾಂತಿಗಂಟ ನಾನಿರ್ತೀನೋ ಇಲ್ವೋ."

ಯಂತ್ರದ ಬಗ್ಗೆ ಎಂದೂ ಯಾರಿಗೂ ಮಾತು ಕೊಡದ ಮನುಷ್ಯ ಅಂದು ಕೊಟ್ಟುಬಿಟ್ಟರು. "ಆಗ್ತದೆ ತಾತ. ಕೂತ್ಕೋ."

ಸರ್ವರಿನ ಮುಂದೆ ಕೈ ಕಟ್ಟಿ ನಿಂತರು. ಮೇಜಿನ ಡ್ರಾಯರಿನಂತೆ ಎಳೆದರೆ ಹೊರಬರುವ ನಾಲ್ಕು ಡಿಸ್ಕುಗಳು ಸಾಲಾಗಿ ಅದರ ಮುಖದ ಮೇಲಿದ್ದವು. ನಾಲ್ಕಕ್ಕೂ ಹಣೆಯಲ್ಲಿ ಕುಂಕುಮದ ಬೊಟ್ಟು. ಎಡದಿಂದ ಮೊದಲನೆಯದು ತೆಳು, ಎರಡನೆಯದು ಗಾಢ, ಮೂರನೆಯದು ಬರೀ ನೆರಳು, ನಾಲ್ಕನೆಯದು ಮತ್ತೆ ತೆಳು. ಆಯುಧಪೂಜೆಯ ದಿನ ಯಾರೋ ಇವುಗಳನ್ನು ಹೊರಗೆಳೆದು, ಒರೆಸಿ, ಬೊಟ್ಟಿಟ್ಟು, ಹಿಂದಿನ ಕ್ರಮ ತಪ್ಪಿಸಿ ತೂರಿಸಿದ್ದಾರೆ ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಆ ಹಳೆಯ ಯಂತ್ರ ಒಂದೊಂದು ಕಡತವನ್ನೂ ತುಂಡು ಮಾಡಿ ನಾಲ್ಕು ಡಿಸ್ಕುಗಳಿಗೂ ಹಂಚಿಡುವಂಥದು. ಯಾವುದು ಎಷ್ಟನೆಯ ಮನೆಯಲ್ಲಿತ್ತು ಎಂಬುದು ತಪ್ಪಿದರೆ ಅದಕ್ಕೆ ತನ್ನ ಬರಹವೇ ಓದಲು ಬಾರದು. ನಾಲ್ಕನ್ನು ಇಪ್ಪತ್ತನಾಲ್ಕು ಬಗೆಯಲ್ಲಿ ಜೋಡಿಸಬಹುದು. ಒಂದೊಂದನ್ನೇ ಪರೀಕ್ಷಿಸೋಣವೆಂದರೆ, ತಪ್ಪು ಜೋಡಣೆಯಲ್ಲಿ ಯಂತ್ರ ತಾನಾಗಿಯೇ ರಿಪೇರಿಗಿಳಿದು ಉಳಿದದ್ದನ್ನೂ ಕಲಸಿಹಾಕೀತು. ಊಹೆಗೆ ಅಲ್ಲಿ ಜಾಗವಿರಲಿಲ್ಲ.

ಯಾರು ಮುಟ್ಟಿದ್ದು ಎಂದು ಚಂದ್ರಮೋಹನ್ ಹಜಾರಕ್ಕೆ ಕೇಳುವಂತೆ ಕೂಗಾಡುತ್ತಿದ್ದರು. ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ನಾವಲ್ಲ ಎಂದರು. ಕಸ ಗುಡಿಸುವ ಚಿಕ್ಕಗಂಗಮ್ಮನೂ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನಾನಲ್ಲ ಎಂದಳು. ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲಿರುವವಳು, ಗದರಿದರೆ ಬೇರೇನು ಹೇಳಿಯಾಳು? ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿದರು. ಚಂದ್ರಮೋಹನರನ್ನೂ ಬಿಡಲಿಲ್ಲ, ಡಾಕ್ಟರಿಗೆ ಫೋನು ಮಾಡಿ, ಹಾಗೇ ನನಗೊಂದು ಟೀ ಕಳಿಸಿ ಎಂದರು. ಆ ಆಸ್ಪತ್ರೆಯಲ್ಲಿ ಟೀ ತರುವವಳು ಯಾರೆಂಬುದು ಅವರಿಗೆ ಗೊತ್ತಿತ್ತು.

ಅವಳು ಲೋಟ ಇಟ್ಟು ಹೊರಟಾಗ, ನೀನು ಮುಟ್ಟಿದೆಯಾ ಎಂದು ಅವರು ಕೇಳಲಿಲ್ಲ. ಬಜಾರಿನಲ್ಲಿ ತಮ್ಮಪ್ಪನ ಅಂಗಡಿಯ ಪಕ್ಕ ಹೂವಿನಂಗಡಿಯಿತ್ತೆಂದೂ, ಆ ಅಂಗಡಿಯವರು ಪ್ರತಿ ವರ್ಷ ಆಯುಧಪೂಜೆಯ ದಿನ ತಮ್ಮಪ್ಪನ ಇಕ್ಕಳಕ್ಕೂ ಒಂದು ಹೂವಿಟ್ಟು ಹೋಗುತ್ತಿದ್ದರೆಂದೂ, ಇಟ್ಟವರ ಕೈಯನ್ನು ಅಪ್ಪ ಎಂದೂ ತಡೆಯಲಿಲ್ಲವೆಂದೂ ಹೇಳಿದರು. ಆಮೇಲೆ ಕೇಳಿದರು: "ನಿಮ್ಮನೇಲಿ ಕುಂಕುಮ ಹೆಂಗಿಡ್ತೀರಾ ಗಂಗಮ್ಮಾ? ಒಂದೊಂದಕ್ಕೂ ಬೆರಳು ಅದ್ದಿಯಾ, ಒಂದೇ ಸಲ ಅದ್ದಿಯಾ?"

ಅವಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. "ಜೀಪಿಗಿಟ್ರು, ಕಣ್ಣು ನೋಡೋ ಮೆಷಿನ್‌ಗಿಟ್ರು, ಕತ್ತರಿಗೂ ಇಟ್ರು. ಇದೊಂದು ಪಾಪ ಒಳಗೇ ಬಿದ್ದಿರ್ತದೆ, ಇದಕ್ಕೆ ಯಾರೂ ಇಡಲ್ಲ. ನಾನೇ ಪ್ಲಗ್ ಕಿತ್ತು ಧೂಳು ಹೊಡ್ದು ಇಟ್ಟೆ ಸಾಬ್ರೇ. ನನ್ ಕೆಲ್ಸ ಹೋಗ್ತದೆ."

"ಯಂತ್ರ ಕೆಟ್ಟಿಲ್ಲ. ಜಾಗ ತಪ್ಪಿದೆ ಅಷ್ಟೆ. ಸಾವಕಾಶ ಹೇಳಿ."

ಕಲಸಿದ ಕುಂಕುಮಕ್ಕೆ ಒಂದೇ ಸಲ ಬೆರಳದ್ದಿ, ಒಂದೊಂದೇ ಡಿಸ್ಕನ್ನು ಎಳೆದು, ಒರೆಸಿ, ಬೊಟ್ಟಿಟ್ಟು, ಬಟ್ಟೆಯ ಮೇಲೆ ಮಲಗಿಸಿದಳಂತೆ. ನಾಲ್ಕೂ ಮುಗಿದಾಗ ಕುಂಬಳಕಾಯಿ ಒಡೆಯಲು ಯಾರೋ ಕೂಗಿದರು. ಓಡಿ ಹೋಗಿ ಬಂದು ಕೈಗೆ ಸಿಕ್ಕಂತೆ ತೂರಿಸಿದಳು. ಹಾಗಾದರೆ ಗಾಢ ಬೊಟ್ಟಿನದು ಮೊದಲು ತೆಗೆದದ್ದು, ನೆರಳಿನಂಥದು ಕೊನೆಯದು. ಸಾಹೇಬರ ಕೈ ಬೆನ್ನಿನಿಂದ ಮುಂದೆ ಬಂತು, ಗಾಢ ಬೊಟ್ಟಿನ ಡಿಸ್ಕನ್ನು ಹೊರಗೆಳೆದು ಎಡತುದಿಯ ಮನೆಯ ಹತ್ತಿರಕ್ಕೂ ಒಯ್ದಿತು. ಅಲ್ಲಿ ತಡೆದರು. ಅದಕ್ಕೂ ಮುಂಚೆ, ಯಾವ ಕಡೆಯಿಂದ ಶುರು ಮಾಡಿದಿರಿ ಎಂದು ಕೇಳಿದರು. ಅವಳು ಅಳುವನ್ನೇ ಮರೆತು ಅವರನ್ನು ನೋಡಿದಳು. "ಬಲಗಡೆಯಿಂದ. ಒಳ್ಳೇ ಕೆಲ್ಸಾನ ಎಡಗಡೆಯಿಂದ ಯಾರಾದ್ರೂ ಶುರು ಮಾಡ್ತಾರಾ?"

ಸಾಹೇಬರು ಕೈಯಲ್ಲಿದ್ದ ಡಿಸ್ಕನ್ನು ಎಡತುದಿಯಿಂದ ಬಲತುದಿಯ ಮನೆಯತ್ತ ಒಯ್ದರು. ಎರಡು ತೆಳು ಬೊಟ್ಟುಗಳಲ್ಲಿ ಯಾವುದು ಮೊದಲು ಎಂಬುದು ಟಾರ್ಚಿಗೂ ತಿಳಿಯಲಿಲ್ಲ. ಅವಳು ಬಗ್ಗಿ ನೋಡಿ, ಇಟ್ಟ ಕೈ ತನ್ನದೇ ಆದ್ದರಿಂದ, ಥಟ್ಟನೆ ತೋರಿಸಿದಳು. ಬಲದಿಂದ ಎಡಕ್ಕೆ ನಾಲ್ಕೂ ಕೂತವು. ಗುಂಡಿ ಒತ್ತಿದರು. ಆರು ನಿಮಿಷ ಫ್ಯಾನು ಮೊರೆಯಿತು. ಆಮೇಲೆ ಯಂತ್ರ ಎದ್ದಿತು, ಅದರ ಹೊಟ್ಟೆಯೊಳಗೆ ನಲವತ್ತೆರಡು ಹೆಸರುಗಳೂ ಇದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಗಿನ ಮೇಜುಗಳಲ್ಲಿ ಯಾರಿಗೂ ಲಾಗಿನ್ ಆಗಲೊಲ್ಲದು. ಹೆಸರು ಸರಿ, ಪಾಸ್‌ವರ್ಡ್ ಸರಿ, ಆದರೂ ಬಾಗಿಲು ತೆರೆಯದು. ಡಾಕ್ಟರು ಬಂದು ಕೈ ತೊಳೆಯುತ್ತಿದ್ದರು. ಚಂದ್ರಮೋಹನ್ ಮತ್ತೆ ಮತ್ತೆ ಅದೇ ಹೆಸರನ್ನು ಒತ್ತುತ್ತಿದ್ದರು. ಗಡಿಯಾರದವರ ಮಗ ಮಾತ್ರ ಪರದೆಯ ಮೂಲೆಯನ್ನು ನೋಡಿದರು. ಅಲ್ಲಿ ಹತ್ತು ವರ್ಷದ ಹಿಂದಿನ ಜನವರಿ ಒಂದನೆಯ ತಾರೀಖು. ಒಳಗಿನ ಪುಟ್ಟ ಬ್ಯಾಟರಿ ಎಂದೋ ಸತ್ತಿತ್ತು. ಎರಡು ದಿನ ಪ್ಲಗ್ ಇಲ್ಲದ್ದರಿಂದ ಯಂತ್ರ ಇಂದು ಯಾವ ದಿನವೆಂಬುದನ್ನೇ ಮರೆತಿತ್ತು. ತನ್ನ ಹೊತ್ತಿಗೂ ಬಂದವರ ಹೊತ್ತಿಗೂ ತಾಳೆಯಾಗದಿದ್ದರೆ ಅದು ಯಾರನ್ನೂ ನಂಬುವುದಿಲ್ಲ. ಸಾಹೇಬರು ತಮ್ಮ ಕೈಗಡಿಯಾರ ನೋಡಿ ದಿನವನ್ನೂ ವೇಳೆಯನ್ನೂ ತಿದ್ದಿದರು. ಹನ್ನೊಂದೂ ಇಪ್ಪತ್ತಕ್ಕೆ ಮೊದಲ ಹೆಸರು ಕೂಗಿದರು. ಕದಿರಪ್ಪನ ಸರದಿ ಒಂಬತ್ತನೆಯದು.

ಸಂಜೆ ಟ್ರಸ್ಟಿಗೆ ವರದಿ ಬರೆಯಬೇಕಿತ್ತು. ತಪ್ಪಿತಸ್ಥರು ಯಾರು ಎಂಬ ಕಲಮನ್ನು ಖಾಲಿ ಬಿಡುವಂತಿಲ್ಲ ಎಂದು ಚಂದ್ರಮೋಹನ್ ಪಟ್ಟು ಹಿಡಿದರು. ಕುಂಕುಮದ ಸಂಗತಿಯನ್ನು ಚಿಕ್ಕಗಂಗಮ್ಮನೇ ಅವರೆದುರು ಒಪ್ಪಿಕೊಂಡಾಗಿತ್ತು. ಸಾಹೇಬರು ಕಾಗದ ತೆಗೆದುಕೊಂಡು ತಾವೇ ಬರೆದರು: ಈ ಯಂತ್ರವನ್ನು ನಾಲ್ಕು ವರ್ಷದ ಹಿಂದೆ ಜೋಡಿಸಿದವನು ನಾನು, ಅಂದು ತಂತಿಗಳಿಗೆ ಅಂಟಿಸುವಷ್ಟರಲ್ಲೇ ಪ್ಲಾಸ್ಟರ್ ಮುಗಿದಿದ್ದರಿಂದ ಡಿಸ್ಕುಗಳಿಗೆ ಸಂಖ್ಯೆ ಅಂಟಿಸದೆ ಹೋದೆ, ಮುಂದಿನ ವಾರವೆಂದು ಮರೆತೆ, ಬ್ಯಾಟರಿಯನ್ನೂ ಪರೀಕ್ಷಿಸಲಿಲ್ಲ, ಸಂಖ್ಯೆಯಿದ್ದಿದ್ದರೆ ಯಾರು ಒರೆಸಿದರೂ ಏನೂ ಆಗುತ್ತಿರಲಿಲ್ಲ, ತಪ್ಪು ನನ್ನದು. ಇದರಲ್ಲಿ ಔದಾರ್ಯವೇನೂ ಇರಲಿಲ್ಲ, ಅವರ ಮಟ್ಟಿಗೆ ಇದು ಹುಡುಕಿ ಸಿಕ್ಕ ಉತ್ತರ. ಇಷ್ಟೆಲ್ಲ ಬೇಡ ಸಾರ್ ಎಂದು ಚಂದ್ರಮೋಹನರೇ ತಡೆದರು. ಕೇಳಲಿಲ್ಲ. ಮಾರ್ಚಿನಲ್ಲಿ ಟ್ರಸ್ಟಿನ ಸಭೆ ಆ ಕಾಗದವನ್ನು ಓದಿಸಿ, ಆಸ್ಪತ್ರೆಯ ಯಂತ್ರಗಳ ಉಸ್ತುವಾರಿಯನ್ನು ಸಾಹೇಬರಿಂದ ತೆಗೆದು ಬೇರೊಂದು ಕಂಪನಿಗೆ ಕೊಟ್ಟಿತು. ಚಿಕ್ಕಗಂಗಮ್ಮ ಅಲ್ಲೇ ಇದ್ದಾಳೆ. ರಾಯಲ್ಪಾಡಿನಲ್ಲಿ ಕದಿರಪ್ಪ ಈಗ ಬಸ್ಸಿನ ಬೋರ್ಡನ್ನು ತಾನೇ ಓದಿ ಹತ್ತುತ್ತಾನಂತೆ.

ಎದ್ದು ಕಾಣುವ ಕೆಲಸ ಮಾಡುವವರಿಗೆ ಲೋಕದಲ್ಲಿ ಹಾರವಿದೆ, ಫಲಕವಿದೆ. ಸಾಹೇಬರಂಥ ಜನರ ಕೆಲಸ ನೆಟ್ಟಗಾದ ದಿನ ಏನೂ ನಡೆಯದಂತೆ ಇರುತ್ತದೆ. ಜನ ಎಂದಿನಂತೆ ಬರುತ್ತಾರೆ, ಹೆಸರು ಹೇಳುತ್ತಾರೆ, ಒಳಗೆ ಹೋಗುತ್ತಾರೆ, ಕಣ್ಣು ಪಡೆದು ಊರಿಗೆ ಮರಳುತ್ತಾರೆ. ಇಂಥವರು ಉಳಿಸಿಕೊಟ್ಟದ್ದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ದಾಖಲಾಗುವುದು ಅವರ ತಪ್ಪೊಂದೇ, ಅದೂ ಅವರದೇ ಕೈಬರಹದಲ್ಲಿ.