ಮೊಹರು ಬೀಳುವವರೆಗೂ ಕದಲಲಿಲ್ಲ

ಮಗ್ಗದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಅವಳನ್ನು ಓಣಿಯವರೆಲ್ಲ ಮಗ್ಗದಕ್ಕ ಎಂದೇ ಕರೆಯುತ್ತಿದ್ದರು. ಅವಳು ನಿವೃತ್ತಳಾಗಿ ಮೂರು ತಿಂಗಳಾಗುತ್ತಾ ಬಂದಿತ್ತು. ನಿವೃತ್ತರ ಸರ್ಕಾರಿ ಆರೋಗ್ಯ ವಿಮೆಯ ಅರ್ಜಿ ಮಾತ್ರ ಗಂಡನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಹಾಗೇ ಬಿದ್ದಿತ್ತು.

"ಗುಂಡುಕಲ್ಲಿನ ಹಾಗಿದ್ದೀಯ. ಈಗ್ಯಾಕೆ ವಿಮೆ? ಕಾಯಿಲೆ ಬಂದಾಗ ಹೆಸರು ಬರೆಸಿದ್ರಾಯ್ತು" ಎಂದ ದರ್ಜಿ ಗಂಡ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ತಂಗಿ ಅಂದು ಮನೆಗೆ ಬಂದಿದ್ದಳು.

"ಭಾವ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ತೀರಾ? ಮೂರು ತಿಂಗಳೊಳಗೆ ಹೆಸರು ಬರೆಸ್ಬೇಕು ಅಂತ ಅರ್ಜಿ ಹಿಂದೇನೇ ಅಚ್ಚು ಹಾಕಿದ್ದಾರೆ. ನಮ್ಮ ವಾರ್ಡಿನಲ್ಲಿ ಒಬ್ಬ ನಿವೃತ್ತ ಡ್ರೈವರ್ ಇದ್ದಾರೆ. ಒಂಬತ್ತೇ ದಿನ ತಡ ಮಾಡಿದ್ರು. ಮುಂದಿನ ವರ್ಷ ಬನ್ನಿ ಅಂದುಬಿಟ್ರು. ಮುರಿದ ಸೊಂಟ ವರ್ಷಗಟ್ಟಲೆ ಕಾಯುತ್ತಾ?"

ದರ್ಜಿ ಕನ್ನಡಕ ಏರಿಸಿಕೊಂಡು ಅರ್ಜಿಯ ಹಿಂಬದಿ ಓದಿದ. ಗಡುವಿಗೆ ಎರಡೇ ದಿನ ಉಳಿದಿತ್ತು. ಅವನೇ ಪೆನ್ನು ಹುಡುಕಿ ತಂದ.

ಮರುದಿನ ಬೆಳಿಗ್ಗೆಯೇ ಇಬ್ಬರೂ ವಿಮಾ ಕಚೇರಿಯ ಕಿಟಕಿಯ ಮುಂದೆ ನಿಂತರು. ಗುಮಾಸ್ತ ತಲೆ ಎತ್ತಲಿಲ್ಲ.

"ಸಾಹೇಬ್ರಿಲ್ಲ. ಮುಂದಿನ ವಾರ ಬನ್ನಿ ಅಮ್ಮಾ."

"ನಾಳೆಗೆ ಗಡುವು ಮುಗಿಯುತ್ತೆ ಸ್ವಾಮಿ" ಎಂದಳು ಮಗ್ಗದಕ್ಕ.

"ಒಂದು ವಾರದಲ್ಲಿ ಏನು ಮುಳುಗಿಹೋಗುತ್ತೆ?"

"ಮುಳುಗೋದು ನಾನು, ನೀವಲ್ಲ. ಅರ್ಜಿ ತಗೊಂಡು ಇವತ್ತಿನ ದಿನಾಂಕದ ಮೊಹರು ಹಾಕಿ. ಇಲ್ಲಾಂದ್ರೆ 'ತಗೊಳ್ಳಲ್ಲ' ಅಂತ ಬರೆದು ಸಹಿ ಹಾಕಿಕೊಡಿ."

"ಪಕ್ಕಕ್ಕೆ ಸರೀರಿ. ಹಿಂದೆ ಜನ ಕಾಯ್ತಿದ್ದಾರೆ."

"ಮೂವತ್ತೊಂದು ವರ್ಷ ಮಗ್ಗದ ಮುಂದೆ ನಿಂತ ಕಾಲುಗಳಿವು. ನೀವು ಬಾಗಿಲು ಹಾಕೋವರೆಗೂ ನಿಲ್ತವೆ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ದರ್ಜಿ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. "ನಾನೂ ನಿಲ್ತೀನಿ."

"ನಮಗೇನೂ ಅವಸರವಿಲ್ಲಪ್ಪ, ಮೊದಲು ಅವರ ಕೆಲಸ ಮುಗಿಸು" ಎಂದಿತು ಸಾಲಿನಲ್ಲಿದ್ದ ಒಂದು ಹಿರಿಯ ದನಿ.

ಗುಮಾಸ್ತ ಗೊಣಗುತ್ತಲೇ ಅರ್ಜಿ ಎಳೆದುಕೊಂಡ. ಮೊಹರು ಬಿತ್ತು. ರಸೀದಿಯ ಮೇಲಿನ ದಿನಾಂಕ ಓದಿ ನೋಡಿದ ಮೇಲೆಯೇ ಮಗ್ಗದಕ್ಕ ಹೆಜ್ಜೆ ತೆಗೆದದ್ದು.

ಆ ಸಂಜೆ ಪ್ಯಾಂಟು ಹೊಲಿಸಲು ಬಂದ ಹಳೆಯ ಗೆಳೆಯನನ್ನು ದರ್ಜಿ ಮೊದಲು ಕೇಳಿದ್ದು ಸೊಂಟದ ಅಳತೆಯನ್ನಲ್ಲ. "ಮುಂದಿನ ತಿಂಗಳು ನಿವೃತ್ತಿ ಅಲ್ವೇನೋ? ವಿಮೆಗೆ ಹೆಸರು ಬರೆಸೋದು ಯಾವಾಗ, ಗೊತ್ತಾ?"

ನಿಮಗೆ ಗೊತ್ತೇ? ನಿಮ್ಮ ಯೋಜನೆಯ ನೋಂದಣಿ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ನಿವೃತ್ತಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. "ಆಮೇಲೆ ನೋಡೋಣ" ಎನ್ನುವವರು ಮನೆಯವರಿರಲಿ, ಕಚೇರಿಯವರಿರಲಿ, ಅವರ ಮಾತಿಗೆ ತಲೆಯಾಡಿಸಬೇಡಿ. ಅರ್ಜಿ ಕೊಟ್ಟಾಗ ರಸೀದಿ ಕೇಳಿ ಪಡೆಯಿರಿ. ನೀವು ಬೇಡುತ್ತಿರುವುದು ಭಿಕ್ಷೆಯಲ್ಲ, ದುಡಿದು ಗಳಿಸಿದ ಹಕ್ಕು.