ಏಳನೇ ಹಾಸಿಗೆಯ ದೂರು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಹೆಲ್ಪ್ ಡೆಸ್ಕಿನಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದೂರುಗಳು ಒಟ್ಟಿಗೇ ಎದ್ದು ಕೂತವು. ಒಂದೊಂದೂ ಎಂದೋ ಮುಗಿದು ಮಣ್ಣಾಗಿದ್ದ ದೂರು. ಯಾವುದೋ ಪ್ರಿಂಟರ್ ಕಾಗದ ನುಂಗಿದ್ದು, ಯಾರಿಗೋ ಪಾಸ್‌ವರ್ಡ್ ಮರೆತುಹೋದದ್ದು, ಎಕ್ಸ್‌ರೇ ಕೋಣೆಯ ಫೋನು ಕೆಟ್ಟು ಕೂತದ್ದು. ಎಲ್ಲಕ್ಕೂ ‘ಪರಿಹಾರವಾಗಿದೆ’ ಎಂದು ಹಾಕಿ ಮುಚ್ಚಿದವಳು ದೊಡ್ಡಕ್ಕ. ಈಗ ಅವು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಬಾಕಿ’ ಎಂದು ಸಾಲುಗಟ್ಟಿ ನಿಂತಿದ್ದವು.

ದೊಡ್ಡಕ್ಕ ಅಂದರೆ ಹೆಲ್ಪ್ ಡೆಸ್ಕಿನ ಮೇಲ್ವಿಚಾರಕಿ. ಪ್ರಿಂಟರಿನಿಂದ ಹಿಡಿದು ರೋಗಿಯ ತಲೆದಿಂಬಿನ ಪಕ್ಕದ ಬೆಲ್ಲಿನವರೆಗೆ, ಆ ಆಸ್ಪತ್ರೆಯಲ್ಲಿ ವೈರು ಇರುವ ಯಾವ ವಸ್ತು ಕೆಟ್ಟರೂ ದೂರು ಬರುವುದು ಅವಳ ಮೇಜಿಗೆ. ಅವಳು ಅದಕ್ಕೊಂದು ನಂಬರು ಕೊಟ್ಟು, ಆಳನ್ನು ಕಳಿಸಿ, ಕೆಲಸವಾದ ಮೇಲೆ ಮುಚ್ಚಬೇಕು. ಹತ್ತೊಂಬತ್ತು ವರ್ಷದಿಂದ ಇದಕ್ಕೆಲ್ಲ ಒಂದೇ ಸಾಫ್ಟ್‌ವೇರು. ಆಫೀಸಿನ ಹುಡುಗರು ಅದಕ್ಕೆ ತಾತ ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಏನು ಕೇಳಿದರೂ ಎರಡು ನಿಮಿಷ ಯೋಚಿಸಿಯೇ ಉತ್ತರ ಕೊಡುತ್ತಿತ್ತು. ಈಗ ತಾತನನ್ನು ಇಳಿಸಿ ಹೊಸದನ್ನು ತರುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಹೊಸ ಸೊಸೆ ಎಂದು ಹೆಸರಿಟ್ಟವಳು ಸ್ವತಃ ದೊಡ್ಡಕ್ಕ. ಯಾವ ದೂರು ಹೊಸ ಮನೆಗೆ ಬರಬೇಕು, ಯಾವುದು ಇಲ್ಲೇ ಉಳಿಯಬೇಕು, ಯಾವ ದಿನ ಬದಲಾವಣೆ, ಯಾರಿಗೆ ತರಬೇತಿ ಎಂದು ನಲವತ್ತೊಂದು ಸಾಲಿನ ಯೋಜನೆ ಬರೆದು ಸಹಿ ಹಾಕಬೇಕಾದವಳೂ ಅವಳೇ.

ಅವತ್ತು ನಡೆದದ್ದು ಬರೀ ರಿಹರ್ಸಲ್ಲು. ಹೊಸ ಕಂಪನಿಯಿಂದ ಬಂದಿದ್ದ ಎಂಜಿನಿಯರು, ಸದಾ ಒಂದು ಪುಟ್ಟ ಸೂಟ್‌ಕೇಸ್ ಹಿಡಿದೇ ತಿರುಗುವವನಾದ್ದರಿಂದ ಅವನ ಹೆಸರೂ ಸೂಟ್‌ಕೇಸೇ, ಹಳೆಯದನ್ನೆಲ್ಲ ಹೊಸದಕ್ಕೆ ನಕಲು ಮಾಡಿ ನೋಡುತ್ತಿದ್ದ.

“ಇದೇನಪ್ಪಾ ಇದು?” ದೊಡ್ಡಕ್ಕ ಪರದೆ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಹೊಸದರ ರೂಲ್ಸೇ ಹಾಗೆ ಮೇಡಂ. ದೂರು ಕೊಟ್ಟವರು ‘ಹೌದು, ಸರಿಹೋಯ್ತು’ ಅಂತ ಹೇಳದೆ ಮುಚ್ಚೋ ಹಾಗಿಲ್ಲ. ಅವರು ಹೇಳದೆ ನೀವು ಮುಚ್ಚಿದ್ದೆಲ್ಲಾ ವಾಪಸ್ ಬಂದಿದೆ.”

ಅವರು ಹೇಳದೆ ಮುಚ್ಚಿದ್ದು! ಅದರ ಕಥೆ ಇಷ್ಟೇ ನೋಡಿ. ತಿಂಗಳ ಕೊನೆಯ ದಿನಕ್ಕೆ ಆ ಆಫೀಸಿನಲ್ಲಿ ಗುಡಿಸೋ ದಿನ ಎಂದು ಹೆಸರು. ನೆಲ ಗುಡಿಸುವುದಲ್ಲ, ದೂರು ಗುಡಿಸುವುದು. ಯಾರಾದರೂ ದೂರು ಕೊಟ್ಟರೆ ಇವರು ತಿರುಗಿ ಏನಾದರೊಂದು ಪ್ರಶ್ನೆ ಕೇಳುತ್ತಾರೆ. ಮೂರು ದಿನದಲ್ಲಿ ಉತ್ತರ ಬರಲಿಲ್ಲವೋ, ತೊಂದರೆ ತಾನಾಗಿಯೇ ಹೋಯಿತು ಎಂದು ಲೆಕ್ಕ. ತಿಂಗಳ ಕೊನೆಗೆ ಅವನ್ನೆಲ್ಲ ಒಟ್ಟಿಗೆ ಆರಿಸಿ, ಒಂದೇ ಒತ್ತು. ವರದಿಯಲ್ಲಿ ಬಾಕಿ ಸೊನ್ನೆ. ಸಾಹೇಬರಿಗೆ ಖುಷಿ, ಸಾಹೇಬರ ಮೇಲಿನವರಿಗೂ ಖುಷಿ. ನಿಜವಾಗಿ ಸರಿಹೋಯಿತೋ ಇಲ್ಲವೋ ಕೇಳುವವರು ಯಾರು? ಯಾರೂ ಇಲ್ಲ.

ಅಷ್ಟರಲ್ಲಿ ಮೇಜಿನ ಫೋನುಗಳು ಹೊಡೆದುಕೊಳ್ಳಲು ಶುರುವಾದವು. ಸೂಟ್‌ಕೇಸ್ ಮುಖ ಬಿಳಿಚಿತು. ರಿಹರ್ಸಲ್ ಮಾಡುವಾಗ ಹೊರಗೆ ಮೆಸೇಜು ಹೋಗುವ ದಾರಿಯನ್ನು ಮೊದಲು ಮುಚ್ಚಬೇಕು. ಆ ಪುಣ್ಯಾತ್ಮ ಮರೆತಿದ್ದ. ಹೊಸ ಸೊಸೆ ಮನೆಯೊಳಗೆ ಕಾಲಿಡುವ ಮುಂಚೆಯೇ ನಾಲ್ಕು ಸಾವಿರ ಜನರ ಮೊಬೈಲಿಗೆ ‘ನಿಮ್ಮ ದೂರು ಮತ್ತೆ ತೆರೆದಿದೆ. ತೊಂದರೆ ಇನ್ನೂ ಇದೆಯೇ?’ ಎಂದು ಕೇಳಿಬಿಟ್ಟಿದ್ದಳು.

ಉತ್ತರಗಳು ಬರತೊಡಗಿದವು. ಹುಡುಗರು ಒಂದೊಂದನ್ನೇ ಜೋರಾಗಿ ಓದಿ ಬಿದ್ದು ಬಿದ್ದು ನಗುತ್ತಿದ್ದರು. ‘ಆ ಪ್ರಿಂಟರನ್ನ ಗುಜರಿಗೆ ಹಾಕಿ ಏಳು ವರ್ಷವಾಯ್ತು, ನಿಮಗೆ ಈಗ ಎಚ್ಚರವಾಯಿತೇ?’ ‘ನಾನು ರಿಟೈರಾಗಿ ಮೊಮ್ಮಗಳ ಮದುವೆಯೂ ಆಯಿತು.’ ಆಮೇಲೊಂದು ಬಂತು: ‘ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ದಯವಿಟ್ಟು ಅವರಿಗೆ ಮೆಸೇಜು ಕಳಿಸಬೇಡಿ. ಫೋನು ನನ್ನ ಹತ್ತಿರವಿದೆ, ಹೆದರಿಕೆಯಾಗುತ್ತದೆ.’ ನಗು ಅಲ್ಲಿಗೇ ನಿಂತುಹೋಯಿತು.

ದೊಡ್ಡಕ್ಕ ನಕ್ಕಿರಲೇ ಇಲ್ಲ. ಅವಳ ಕಣ್ಣು ಒಂದೇ ಒಂದು ನಂಬರನ್ನು ಹುಡುಕುತ್ತಿತ್ತು. ಇಪ್ಪತ್ತೊಂದು ಸಾವಿರದ ಎಂಟುನೂರ ಏಳು. ಮಗಳ ಫೋನ್ ನಂಬರು ಬಾಯಿಪಾಠವಿಲ್ಲದ ಹೆಂಗಸಿಗೆ ಈ ನಂಬರು ಆರು ವರ್ಷದಿಂದ ನಿದ್ದೆಯಲ್ಲೂ ಮರೆತಿರಲಿಲ್ಲ. ಅದು ಇತ್ತು. ಕೆಂಪಗೆ.

‘ಮೂರನೇ ಮಹಡಿ, ಏಳನೇ ಹಾಸಿಗೆ. ರೋಗಿ ಬೆಲ್ ಒತ್ತಿದರೆ ನಮ್ಮ ಮೇಜಿನಲ್ಲಿ ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ಆಗುವುದಿಲ್ಲ. ಬೇಗ ನೋಡಿ.’

ಬರೆದವಳು ಆ ಮಹಡಿಯ ನರ್ಸು. ಆಸ್ಪತ್ರೆಯ ಎಲ್ಲ ನರ್ಸುಗಳ ಹಾಗೆ ಅವಳನ್ನೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ‘ಯಾವ ಹೊತ್ತಿನಲ್ಲಿ ಆಗುವುದಿಲ್ಲ, ತಿಳಿಸಿ’ ಎಂದು ದೊಡ್ಡಕ್ಕ ಕೇಳಿದ್ದಳು. ಬೆಲ್ಲು ಕೆಟ್ಟಿದೆ ಅಂದರೆ ಯಾವ ಹೊತ್ತು ಎಂದು ಕೇಳುವುದು ಎಂಥ ಪ್ರಶ್ನೆಯೋ! ಆಳು ಕಳಿಸುವುದನ್ನು ಎರಡು ದಿನ ಮುಂದೆ ಹಾಕಲು ಒಂದು ನೆಪ, ಅಷ್ಟೆ. ಸಿಸ್ಟರ್ ಮಗುವಿಗೆ ಜ್ವರವೆಂದು ರಜೆಯಲ್ಲಿದ್ದಳು, ಉತ್ತರ ಬರಲಿಲ್ಲ. ಗುಡಿಸೋ ದಿನ ಬಂತು, ಇತರ ಅರವತ್ತು ದೂರುಗಳ ಜೊತೆ ಅದೂ ಹೋಯಿತು. ‘ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ’ ಎಂದು ಸಿಸ್ಟರಿಗೆ ಮೆಸೇಜೂ ಹೋಯಿತು.

ಅದಾದ ಐದನೇ ದಿನ ಬೆಳಗಿನ ಜಾವ, ರಜೆ ಮುಗಿಸಿ ಬಂದಿದ್ದ ಸಿಸ್ಟರಿನ ರಾತ್ರಿ ಪಾಳಿಯಲ್ಲೇ, ಏಳನೇ ಹಾಸಿಗೆಯ ರೋಗಿ, ಒಬ್ಬ ಮೇಷ್ಟ್ರು, ತೀರಿಕೊಂಡರು. ಬೆಲ್ಲಿನ ಗುಂಡಿ ಅವರ ಮುಷ್ಟಿಯಲ್ಲೇ ಇತ್ತು. ವೈರ್‌ಮನ್ ಮಾಮ ಹೋಗಿ ನೋಡಿ ಬಂದು ದೊಡ್ಡಕ್ಕನ ಕಿವಿಯಲ್ಲಿ, “ವೈರು ಒಳಗೇ ಕಿತ್ತುಹೋಗಿದೆ ಕಣಮ್ಮ, ಹತ್ತು ಸಲ ಒತ್ತಿದೆ, ಒಂದು ಸಲವೂ ಆಗ್ಲಿಲ್ಲ” ಎಂದಿದ್ದ. “ಬದಲಾಯಿಸಿ ಹಾಕಿ ಮಾಮ, ಆಯ್ತು” ಎಂದಿದ್ದಳು ಅವಳು. ವಿಚಾರಣೆಯಲ್ಲಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ಬೆಲ್ಲಿನ ಬಗ್ಗೆ ದೂರು ಬಾಕಿಯಿತ್ತೇ? ಇರಲಿಲ್ಲ ಎಂದಳು. ಸುಳ್ಳಲ್ಲ ನೋಡಿ, ಬಾಕಿ ಇರಲಿಲ್ಲ. ಬೆಲ್ಲು ಸರಿಯಿತ್ತು, ಸಿಸ್ಟರ್ ಹೋಗಲಿಲ್ಲ ಎಂದು ಬರೆದು ಸಿಸ್ಟರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ವೈರ್‌ಮನ್ ಮಾಮನೂ ಈಗಿಲ್ಲ. ನಿಜ ಗೊತ್ತಿದ್ದವಳು ದೊಡ್ಡಕ್ಕ ಒಬ್ಬಳೇ.

ಅಂದಿನಿಂದ ಅವಳು ಮೂರನೇ ಮಹಡಿಗೆ ಕಾಲಿಟ್ಟಿಲ್ಲ. ಲಿಫ್ಟು ಅಲ್ಲಿ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬಾಗಿಲು ತೆರೆದಾಗ ಮೇಷ್ಟ್ರು ಒಳಗೆ ಬಂದು ಪಕ್ಕದಲ್ಲಿ ನಿಂತು, ಏನೂ ಕೇಳದೆ, ಸುಮ್ಮನೆ ಗುಂಡಿಗಳನ್ನು ನೋಡುತ್ತಾರೆ ಅನಿಸುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ನೀರು ಬೇಕೆಂದು ಲೋಟಕ್ಕೆ ಚಮಚ ಬಡಿದರೆ ಸಾಕು, ಒಲೆ ಮೇಲಿನದು ಉಕ್ಕಿದರೂ ಬಿಟ್ಟು ಓಡುತ್ತಾಳೆ. “ಮೆಲ್ಲಗೆ ಬಾರೇ, ನಾನೇನೂ ಈಗಲೇ ಸಾಯ್ತಿಲ್ಲ” ಎಂದು ಅತ್ತೆ ನಗುತ್ತಾರೆ. ಇಂಥ ಸೊಸೆ ಯಾರಿಗುಂಟು ಎಂದು ಬೀದಿಯವರೆಲ್ಲ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಸಿಸ್ಟರ್ ಎಲ್ಲೋ ಕೂತು ತನಗೆ ಶಾಪ ಹಾಕುತ್ತಿದ್ದಾಳೆ ಎಂದೇ ಅವಳು ನಂಬಿದ್ದಳು. ಹೇಳಬೇಕೆಂದರೆ, ಆ ಶಾಪದಿಂದಲೇ ಅವಳಿಗೊಂದು ಬಗೆಯ ಸಮಾಧಾನವೂ ಇತ್ತು. ಶಿಕ್ಷೆ ನಡೆಯುತ್ತಿದೆಯಲ್ಲ, ಸಾಕು ಎಂದು.

ಹನ್ನೊಂದೂವರೆಗೆ ಆ ದೂರಿನ ಕೆಳಗೆ ಉತ್ತರ ಬಂತು.

‘ನನ್ನನ್ನು ಈಗ ಯಾಕೆ ಕೇಳುತ್ತಿದ್ದೀರಿ? ನೀವು ಬೆಲ್ಲು ರಿಪೇರಿ ಮಾಡಿದ್ದಿರಿ. ಅದು ಆಗಿತ್ತು. ಕೇಳಿಸದೆ ಹೋದದ್ದು ನನಗೆ. ದಯವಿಟ್ಟು ಇನ್ನು ಕೇಳಬೇಡಿ.’

ದೊಡ್ಡಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಮೂರು ಸಲ ಓದಿದಳು. ಸಿಸ್ಟರ್ ಯಾರಿಗೂ ಶಾಪ ಹಾಕಿರಲಿಲ್ಲ. ದೊಡ್ಡಕ್ಕ ಕಳಿಸಿದ್ದ ಆ ಒಂದು ಸಾಲಿನ ಮೆಸೇಜನ್ನು ನಂಬಿಕೊಂಡು, ಬೆಲ್ಲು ಹೊಡೆದರೂ ತನಗೆ ಕೇಳಿಸಲಿಲ್ಲ, ತಾನೇ ಕೊಂದೆ ಎಂದುಕೊಂಡು ಆರು ವರ್ಷ ಬದುಕಿದ್ದಳು. ಶಾಪಕ್ಕಿಂತ ಕೆಟ್ಟದ್ದು ಇದು.

ಅಷ್ಟು ಹೊತ್ತಿಗೆ ಸಾಹೇಬರು ಕೆಂಡವಾಗಿ ಬಂದರು. “ಏನ್ರೀ ಇದು ಸಂತೆ? ನಾಲ್ಕು ಗಂಟೆಗೆ ಆ ನಕಲು, ಉತ್ತರ, ಎಲ್ಲಾ ಅಳಿಸಿಬಿಡಿ. ಯೋಜನೆ ಹದಿನಾಲ್ಕನೇ ಸಾಲಲ್ಲಿ ಬರೀರಿ, ಐದು ವರ್ಷಕ್ಕಿಂತ ಹಳೇದು ಯಾವುದೂ ಹೊಸದಕ್ಕೆ ಬರೋದು ಬೇಡ. ಶನಿವಾರ ಹಳೇ ಮಿಷನ್ನೂ ಗುಜರಿಗೆ ಹೋಗುತ್ತೆ. ಅಲ್ಲಿಗೆ ಪೀಡೆ ಕಳೀತು.”

ಪೀಡೆ ಕಳೆಯುತ್ತದೆ, ಹೌದು. ಆರು ವರ್ಷದ ಹಿಂದಿನ ದೂರು, ಅದನ್ನು ಬರೆದವಳ ಹೆಸರು, ಮುಚ್ಚಿದವಳ ಹೆಸರು, ಯಾವುದೂ ಈ ಭೂಮಿಯ ಮೇಲೆ ಇರುವುದಿಲ್ಲ. ಅವಳಿಗೆ ಪಿಂಚಣಿಗೆ ಇನ್ನು ಎರಡೇ ವರ್ಷ. ಬರೀ ಒಂದು ಸಹಿ ಹಾಕಿ ಸುಮ್ಮನಿದ್ದರೆ ಸಾಕು. ಆ ಆಸೆ ಅವಳಿಗೆ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಂತು, ಚೆನ್ನಾಗಿಯೇ ಬಂತು. ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು. ಆಮೇಲೆ ಆ ದೂರಿನ ಹಾಳೆಯೊಂದನ್ನು ಪ್ರಿಂಟು ತೆಗೆದು ಚೀಲಕ್ಕೆ ಹಾಕಿಕೊಂಡು, ಸಿಸ್ಟರಿಗೆ ಫೋನು ಮಾಡಿ ಕೆಲಸದ ಜಾಗ ಕೇಳಿಕೊಂಡು, ಬಸ್ಸು ಹತ್ತಿದಳು.

ಸಿಸ್ಟರ್ ಈಗ ಒಂದು ಲಾಂಡ್ರಿಯಲ್ಲಿದ್ದಳು. ಉದ್ದನೆಯ ಕೋಣೆ, ಒಂದು ಗೋಡೆಗೆ ಎಂಟು ದೊಡ್ಡ ಮಿಷನ್ನು, ಇನ್ನೊಂದು ಗೋಡೆಗೆ ಇಸ್ತ್ರಿ ಮೇಜುಗಳು. ಬಿಸಿ ಹಬೆ, ಸೋಪಿನ ವಾಸನೆ. ಮಿಷನ್ನುಗಳ ಗದ್ದಲಕ್ಕೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಹಾಸಿಗೆ ಚಾದರವೊಂದನ್ನು ಮಡಚುತ್ತಿದ್ದ ಹೆಂಗಸು ತಲೆಯೆತ್ತಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

“ನೀವಾ ದೊಡ್ಡಕ್ಕ? ಕೂತ್ಕೊಳ್ಳೋಕ್ಕೆ ಇಲ್ಲಿ ಜಾಗ ಇಲ್ಲ ನೋಡಿ. ಗದ್ದಲ ಬೇರೆ. ಆದ್ರೆ ನಂಗೆ ಇದೇ ಒಳ್ಳೇದು. ಇಲ್ಲಿ ಯಾವ ಬೆಲ್ಲೂ ಇಲ್ಲ, ಕೇಳಿಸ್ಕೊಳ್ಳೋ ಕೆಲಸವೂ ಇಲ್ಲ.”

“ಸಿಸ್ಟರ್, ನಿಮ್ಮ ಉತ್ತರ ಓದ್ದೆ.”

“ಮೂರು ಕಡೆ ಕಿವಿ ತೋರಿಸ್ದೆ ಅಕ್ಕ. ಕಿವಿ ಚೆನ್ನಾಗಿದೆ ಅಂದ್ರು. ಹಾಗಾದ್ರೆ ನಿದ್ದೆ ಮಾಡಿರ್ಬೇಕು ನಾನು. ಮಾಡಿದ್ದು ನೆನಪಿಲ್ಲ. ನಮ್ಮಮ್ಮ, ನನ್ನ ಗಂಡ, ಎಲ್ರೂ ನೀನು ನಿದ್ದೆ ಮಾಡೋಳಲ್ಲ ಅಂತಾರೆ. ಅವರಿಗೇನು ಗೊತ್ತು? ಈಗ ಮಗಳು ಪಕ್ಕದ ಕೋಣೇಲಿ ಮಲಗಿದ್ರೆ ಬಾಗಿಲು ತೆಗೆದಿಟ್ಟು ಕೂತಿರ್ತೀನಿ. ಮತ್ತೆ ಕೇಳಿಸದೆ ಹೋದ್ರೆ ಅಂತ.”

ದೊಡ್ಡಕ್ಕ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಬಿದ್ದುಹೋಗಿತ್ತು.

“ಬೆಲ್ಲು ಆಗಿರ್ಲಿಲ್ಲ ಸಿಸ್ಟರ್,” ಎಂದಳು.

“ಏನು? ಕೇಳಿಸ್ಲಿಲ್ಲ.”

ಅಯ್ಯೋ, ಅದೇ ಮಾತು! ದೊಡ್ಡಕ್ಕನಿಗೆ ಅಳು ಉಕ್ಕಿ ಬಂತು. ಗಂಟಲು ಹರಿಯುವ ಹಾಗೆ ಕೂಗಿದಳು. “ಬೆಲ್ಲು ಆಗ್ಲೇ ಇಲ್ಲ! ವೈರು ಕಿತ್ತುಹೋಗಿತ್ತು. ಯಾರೂ ರಿಪೇರಿ ಮಾಡಿರ್ಲಿಲ್ಲ. ಮಾಡ್ದೆ ಮುಚ್ಚಿದ್ದು ನಾನು. ಆಮೇಲೆ ಗೊತ್ತಾದ್ರೂ ಬಾಯಿ ಬಿಡ್ಲಿಲ್ಲ, ಅದೂ ನಾನೇ!”

ಇಸ್ತ್ರಿ ಮೇಜಿನ ಹೆಂಗಸರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ದೊಡ್ಡಕ್ಕ ಹಾಳೆ ಚಾಚಿದಳು. ಸಿಸ್ಟರ್ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ತಾನೇ ಬರೆದಿದ್ದ ಸಾಲುಗಳ ಮೇಲೆ ಬೆರಳಿಟ್ಟು, ಓದು ಕಲಿಯುವ ಮಗುವಿನಂತೆ ಓದಿದಳು.

“ಮೇಷ್ಟ್ರು ಒತ್ತಿದ್ರಾ ಹಾಗಾದ್ರೆ?”

“ಒತ್ತಿದ್ರು.”

“ಸಿಸ್ಟರ್ ಬರ್ಲೇ ಇಲ್ಲ ಅಂದ್ಕೊಂಡೇ ಹೋದ್ರು.”

ದೊಡ್ಡಕ್ಕ ತಲೆ ತಗ್ಗಿಸಿದಳು. “ನನ್ನನ್ನ...” ಎಂದು ಶುರುಮಾಡಿದಳು.

“ಕ್ಷಮಿಸು ಅಂತ ಕೇಳ್ಬೇಡಿ,” ಸಿಸ್ಟರ್ ತಡೆದಳು. “ನಂಗೆ ಅದು ಈಗ ಆಗಲ್ಲ. ಮೊದಲು ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ.”

“ಬೆಲ್ಲು ಆಗ್ಲಿಲ್ಲ.”

“ಇನ್ನೊಂದ್ಸಲ.”

“ಬೆಲ್ಲು ಆಗ್ಲಿಲ್ಲ ಸಿಸ್ಟರ್. ನೀವು ನಿದ್ದೆ ಮಾಡಿರ್ಲಿಲ್ಲ.”

ಸಿಸ್ಟರ್ ಹಾಳೆಯನ್ನು ಮುಖಕ್ಕೆ ಒತ್ತಿಕೊಂಡು ನಿಂತಳು. ಪಕ್ಕದ ಮೇಜಿನ ಹೆಂಗಸು ಓಡಿ ಬಂದು ಬೆನ್ನು ಸವರಿದಳು. ದೊಡ್ಡಕ್ಕನಿಗೆ ಮುಟ್ಟುವ ಧೈರ್ಯವಿರಲಿಲ್ಲ. ಅವಳು ಫೋನು ತೆಗೆದು ಸೂಟ್‌ಕೇಸಿಗೆ ಕರೆ ಮಾಡಿ, ಎಲ್ಲರ ಎದುರಿಗೇ ಕೂಗಿ ಹೇಳಿದಳು. “ನಕಲು ಅಳಿಸ್ಬೇಡ ಕಣಪ್ಪ. ಹದಿನಾಲ್ಕನೇ ಸಾಲು ಬದಲಾಗುತ್ತೆ. ಅವರು ಹೇಳ್ದೆ ನಾವು ಮುಚ್ಚಿದ್ದು ಎಷ್ಟೇ ಹಳೇದಿರ್ಲಿ, ಬಾಕಿ ಅಂತಾನೇ ಬರ್ಬೇಕು.”

“ಸಾಹೇಬ್ರು ಒಪ್ತಾರಾ ಮೇಡಂ?”

“ಒಪ್ಪಲ್ಲ. ಸಹಿ ನಂದು ತಾನೇ, ನಾನು ಬರ್ತಿದೀನಿ.”

ಸಿಸ್ಟರ್ ಕಣ್ಣು ಒರೆಸಿಕೊಂಡು ಗೋಡೆ ಗಡಿಯಾರ ನೋಡಿದಳು. ಎರಡೂಮುಕ್ಕಾಲು. ಚಾದರವನ್ನು ಅರ್ಧಕ್ಕೇ ಬಿಟ್ಟು, ಲಾಂಡ್ರಿಯ ಯಜಮಾನಿಗೆ ಕೈಸನ್ನೆ ಮಾಡಿ, ಚಪ್ಪಲಿ ಮೆಟ್ಟಿಕೊಂಡಳು. “ನಾನೂ ಬರ್ತೀನಿ. ನನ್ನ ಮುಂದೆ ಹೇಳಿ ಅವರಿಗೆ.”

ಬಸ್ಸಿನಲ್ಲಿ ಜನ ಹೆಚ್ಚಿರಲಿಲ್ಲ. ಸಿಸ್ಟರ್ ಕಿಟಕಿಯ ಪಕ್ಕ ಕೂತಳು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳ ಪಕ್ಕದ ಸೀಟು ಖಾಲಿಯಿತ್ತು. ಕೂತ್ಕೊಳ್ಳಿ ಎಂದು ಅವಳು ಹೇಳಲಿಲ್ಲ. ಆಸ್ಪತ್ರೆಯವರೆಗೂ ದೊಡ್ಡಕ್ಕ ಕಂಬಿ ಹಿಡಿದು ನಿಂತೇ ಇದ್ದಳು.