ಗೊಯೆನೆಚೆಯವನೇ ಮುಂದೆ ನಡೆಯಬೇಕು

ಬಾಸ್ಕ್ ಬೆಟ್ಟಗಳ ಆ ಹಳ್ಳಿಯಲ್ಲಿ ಮನೆತನದ ಹೆಸರು ಮನುಷ್ಯರದಲ್ಲ, ಮನೆಯದು. ಯಾರು ಬಂದು ಸೇರಿದರೂ ಮನೆಯ ಹೆಸರು ಹೊರಲೇಬೇಕು. ಬೆತ್ತಿರಿ ಹುಟ್ಟಿದ್ದು ಲರಾಲ್ದೆಯಲ್ಲಿ, ಅಂದರೆ ಹುಲ್ಲುಗಾವಲಿನ ಪಕ್ಕದ ಮನೆಯಲ್ಲಿ. ಆ ಹುಲ್ಲುಗಾವಲು ಹೋಗಿ ಸೇಬಿನ ತೋಟವಾಗಿ ಎಷ್ಟು ಕಾಲವಾಯಿತೋ, ಹೆಸರು ಮಾತ್ರ ಜಪ್ಪಯ್ಯ ಅಂದರೂ ಕದಲಿಲ್ಲ. ಅಲ್ಲಿಂದ ಅವನು ಮನೆ ಅಳಿಯನಾಗಿ ಹೋದದ್ದು ಪಕ್ಕದ ಗೊಯೆನೆಚೆಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಮನೆಗೆ. ಅದಕ್ಕೂ ಮೇಲೆ ಈಗ ಮನೆಗಳು ಎದ್ದಿವೆ, ಕೇಳುವವರು ಯಾರು? ಮದುವೆಯ ಮಾರನೆಯ ಬೆಳಿಗ್ಗೆ ಬೇಲಿ ದಾಟಿ ಹೋದರೆ ಹೆತ್ತ ತಾಯಿಯೇ, "ಬಾಪ್ಪ ಗೊಯೆನೆಚೆ, ಕೂತ್ಕೊ" ಅಂದಳು. ತಮಾಷೆ ಇರಬೇಕೆಂದುಕೊಂಡ. ವರ್ಷಗಳು ಕಳೆದರೂ ಅವಳು ಬೇರೆ ಹೆಸರಿನಿಂದ ಕರೆಯಲಿಲ್ಲ. ಅದು ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು.

ಈಗ ಆ ತಾಯಿ ತೀರಿಕೊಂಡಿದ್ದಳು.

ಹೆಂಡತಿ ಗ್ರಾಶಿ ಶಿಲುಬೆಯನ್ನು ಒರೆಸಿ ಬಾಗಿಲಿಗೆ ಒರಗಿಸಿದಳು. ಲರಾಲ್ದೆಯಲ್ಲಿ ಸಾವಾದರೆ ನೆರೆಮನೆ ಗೊಯೆನೆಚೆಯ ಯಜಮಾನ ಶಿಲುಬೆ ಹಿಡಿದು ಎಲ್ಲರಿಗಿಂತ ಮುಂದೆ ನಡೆಯಬೇಕು, ತಿರುಗಿ ನೋಡಬಾರದು. ಮಕ್ಕಳ ಜಾಗ ಶವಪೆಟ್ಟಿಗೆಯ ಹಿಂದೆ.

"ನಾನು ಹಿಂದೆ ನಡೀತೀನಿ," ಬೆತ್ತಿರಿ ಅಂದ. "ಸತ್ತಿರೋದು ನಮ್ಮಮ್ಮ."

"ನಡೀರಿ, ಬೇಡ ಅಂದೋರ್ಯಾರು? ಆದ್ರೆ ನಮ್ಮನೆಗೆ ಇನ್ನೊಬ್ಬ ಯಜಮಾನನ್ನ ನಾನೆಲ್ಲಿಂದ ತರ್ಲಿ?"

"ನಾನು ಅವಳ ಮಗನೋ, ಪಕ್ಕದ್ಮನೆಯೋನೋ? ಅದನ್ನಾದ್ರೂ ಹೇಳೇ."

"ಎರಡೂ ಅಲ್ವಾ?" ಅಂದಳು ಗ್ರಾಶಿ.

ಎರಡೂ ಸರಿ, ಆದರೆ ಹಿಂದೆಯೂ ಮುಂದೆಯೂ ಒಬ್ಬನೇ ನಡೆಯುವುದು ಹೇಗೆ? ಬೆತ್ತಿರಿಯ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಶಿಲುಬೆಯನ್ನು ಅಲ್ಲೇ ಬಿಟ್ಟು ಲರಾಲ್ದೆಗೆ ಹೊರಟ. ತೋಟದಲ್ಲಿ ಜೇನುಗೂಡುಗಳು ಎದುರಾದವು. ಜೇನಿಗೆ ಸಾವಿನ ಸುದ್ದಿ ಹೇಳುವುದೂ ನೆರೆಯವನ ಕೆಲಸವೇ. ಗೂಡು ತಟ್ಟಿ, ನಿಮ್ಮ ಯಜಮಾನಿ ಹೋದಳು ಎನ್ನಬೇಕು. ತಟ್ಟಿದ. "ಅಮ್ಮ" ಅಂದ. ಉಳಿದದ್ದನ್ನು ಹೇಳದೆ ಅಂಗಳಕ್ಕೆ ನಡೆದ.

ಅಂಗಳದಲ್ಲಿ ಅಣ್ಣ ಎರಮುನ್ ಅವನ ಬರಿಗೈ ನೋಡಿದ. "ಶಿಲುಬೆ ಎಲ್ಲೋ?"

"ಅಣ್ಣಾ, ಬೇರೆ ಯಾರಿಗಾದ್ರೂ ಹೇಳು. ನಾನು ನಿನ್ ಜೊತೆ ಬರ್ತೀನಿ. ಬದುಕಿರೋವಾಗಂತೂ ನನ್ನ ಹೊರಗಿನೋನ್ ಥರಾನೇ ಕರೆದ್ಲು. ಇವತ್ತೊಂದಿನ ಮಗ ಆಗ್ತೀನಿ."

ಎರಮುನ್ ಹತ್ತಿರ ಬಂದ. "ಸಾಯೋಕ್ ಮುಂಚೆ ನಾನೂ ಅಮ್ಮನ್ನ ಕೇಳ್ದೆ ಕಣೋ, ಬೇರೆಯೋರಿಗೆ ಹೇಳ್ಲಾ ಅಂತ. ಬೇಡವೇ ಬೇಡ ಅಂದ್ಲು."

"ಯಾಕಂತೆ?"

"ನೀನು ನಡಿಯೋದು ಕಲಿಯೋವಾಗ ಮುಂದ್ಮುಂದೆ ಓಡ್ತಿದ್ಯಂತೆ, ಅವಳು ಹಿಂದೆ. ಒಂದ್ಸಲಾನೂ ತಿರುಗಿ ನೋಡ್ತಿರ್ಲಿಲ್ವಂತೆ. ಹಿಂದೆ ನಾನಿದೀನಿ ಅಂತ ಅವನಿಗೆ ಅಷ್ಟು ಧೈರ್ಯ, ಕೊನೇ ಸಲಾನೂ ಹಾಗೇ ಹೋಗೋಣ ಅಂದ್ಲು. ಎಲ್ಲಿ ಆ ದಿನ ಮರೆತು ಹಿಂದೆ ನಿಂತ್ಬಿಡ್ತಾನೋ ಅಂತ್ಲೇ ಗೊಯೆನೆಚೆ, ಗೊಯೆನೆಚೆ ಅಂತ ಕರೀತಿದ್ಲಂತೆ."

ಬೆತ್ತಿರಿ ಹೋಗಿ ಶಿಲುಬೆ ತಂದ.

ಚರ್ಚಿನ ದಾರಿ ಇಳಿಜಾರು. ಮಗನಾಗಿ ನಡೆಯುತ್ತಿದ್ದಾನೋ ನೆರೆಯವನಾಗಿಯೋ, ಅವನಿಗೆ ಕೊನೆಗೂ ಬಗೆಹರಿಯಲಿಲ್ಲ. ಅಳು ಒತ್ತರಿಸಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತಿರುವಿನಲ್ಲಿ ಕಲ್ಲು ಎಡವಿದ. ನಿಧಾನ ಮಗಾ ಎಂದು ಹಿಂದಿನಿಂದ ಯಾರಾದರೂ ಅಂದಾರೆಂದು ಒಂದು ಗಳಿಗೆ ಕಾದ. ಯಾರೂ ಅನ್ನಲಿಲ್ಲ. ತಿರುಗಿ ನೋಡದೆ, ಹೆಜ್ಜೆಯನ್ನು ತಾನೇ ನಿಧಾನ ಮಾಡಿದ.